ಮರಗೆಲಸವನ್ನು ಕಲಿಸುವ ಕ್ರಮ

ಅಗಲ್ಪಾಡಿಯ ಆಸುಪಾಸಿನ ಹಳೆಯ ಮನೆಗಳಲ್ಲಿ ಹಲಸಿನ ಮರದ ಬಾಗಿಲು, ಪತ್ತಾಯ, ಹೆರೆಮಣೆಗಳು ಇನ್ನೂ ಕಾಣಸಿಗುತ್ತವೆ. ಹೊಸದರಲ್ಲಿ ಅರಸಿನ ಬಣ್ಣದವಾಗಿದ್ದ ಅವು ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿವೆ. ಅವುಗಳನ್ನು ಮಾಡಿದ ಆಚಾರಿಗಳು ಶಾಲೆಯಲ್ಲಿ ಈ ವಿದ್ಯೆಯನ್ನು ಕಲಿತವರಲ್ಲ. ತಂದೆಯ ಅಥವಾ ಮಾವನ ಹಿಂದೆ ಉಳಿ, ಬಾಚಿಗಳ ಚೀಲವನ್ನು ಹೊತ್ತು ನಡೆದವರು. ಈಗ ಆಚಾರಿಯ ಮಗನೂ ನಮ್ಮ ತರಗತಿಯಲ್ಲಿ ಕುಳಿತಿದ್ದಾನೆ. ಅದು ನ್ಯಾಯವೇ ಸರಿ. ಆದರೆ ಅವನು ಹೊತ್ತು ನಡೆಯಬೇಕಾಗಿದ್ದ ಚೀಲವನ್ನು ಮುಂದೆ ಯಾರು ಹೊರಬೇಕು?

ಮರಗೆಲಸದ ಮೊದಲ ಪಾಠವು ಮರವನ್ನು ಕಡಿಯುವುದಲ್ಲ, ಉಳಿಯನ್ನು ಮಸೆಯುವುದು. ಉಳಿಯ ಬೆನ್ನು ಸಮತಟ್ಟಾಗಿ ಕಲ್ಲಿಗೆ ಕೂರಬೇಕು. ಮುಖವನ್ನು ಸುಮಾರು 25ರಿಂದ 30 ಡಿಗ್ರಿಗಳ ಓರೆಯಲ್ಲಿ ಹಿಡಿದು, ಕೈ ತೂಗಾಡದಂತೆ ಮಸೆಯಬೇಕು. ಓರೆಯು ಒಮ್ಮೆ ಹೆಚ್ಚಿ ಒಮ್ಮೆ ತಗ್ಗಿದರೆ ಅಂಚು ದುಂಡಗಾಗುತ್ತದೆ. ಅಂಥ ಉಳಿಯು ಹೊಳೆಯುತ್ತದೆ, ಆದರೆ ಕತ್ತರಿಸುವುದಿಲ್ಲ. ಮೊಂಡು ಉಳಿ ಮಕ್ಕಳಿಗೆ ಕ್ಷೇಮವೆಂದು ಹೆತ್ತವರು ಭಾವಿಸುವುದುಂಟು. ನಿಜವು ಇದಕ್ಕೆ ವಿರುದ್ಧ. ಹರಿತವಿಲ್ಲದ ಉಳಿಗೆ ಬಲ ಹೆಚ್ಚು ಬೇಕು, ಬಲ ಹೆಚ್ಚಿದಲ್ಲಿ ಉಳಿ ಜಾರುತ್ತದೆ, ಜಾರಿದ ಉಳಿ ಎಡಗೈಯನ್ನು ಸೇರುತ್ತದೆ. ನನ್ನ ಹೆಬ್ಬೆರಳ ಮೇಲಿನ ಗಾಯದ ಗುರುತು ಮೊಂಡು ಉಳಿಯಿಂದಲೇ ಆದುದು.

ಎರಡನೆಯದು ಅಳತೆ. ಕೇರಳದ ತಚ್ಚುಶಾಸ್ತ್ರದಲ್ಲಿ ಒಂದು ಕೋಲಿಗೆ 24 ಅಂಗುಲ, ಒಂದು ಅಂಗುಲಕ್ಕೆ 8 ಯವ. ಈಗಿನ ಲೆಕ್ಕದಲ್ಲಿ ಕೋಲು 72 ಸೆಂಟಿಮೀಟರ್, ಅಂಗುಲ 3 ಸೆಂಟಿಮೀಟರ್. ಭಿನ್ನರಾಶಿಯನ್ನು ಕಲಿಸಲು ಇದಕ್ಕಿಂತ ಮೇಲಾದ ಸಾಧನವು ನನಗೆ ತಿಳಿಯದು.

ಮೂರನೆಯದು ಮರದ ಸ್ವಭಾವ. ಹಸಿ ಮರ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುವುದು ಬಹಳ. ಮಳೆಗಾಲದಲ್ಲಿ ತೇವವನ್ನು ಹೀರಿ ಪುನಃ ಹಿಗ್ಗುತ್ತದೆ. ಆಟಿಯಲ್ಲಿ ಬಾಗಿಲು ಬಿಗಿಯಾಗಿ ಮಕರದಲ್ಲಿ ಸಡಿಲಾಗುವುದು ಇದರಿಂದಲೇ. ಅಗಲವಾದ ಹಲಗೆಯನ್ನು ಚೌಕಟ್ಟಿನೊಳಗೆ ಅಲುಗದಂತೆ ಮೊಳೆ ಹೊಡೆದು ನಿಲ್ಲಿಸಿದರೆ ಅದು ಸೀಳುತ್ತದೆ. ತಿಳಿದ ಆಚಾರಿಯು ಚೌಕಟ್ಟಿನಲ್ಲಿ ಗಾಡಿಯನ್ನು ತೋಡಿ, ಹಲಗೆಗೆ ಸರಿದಾಡಲು ಎಡೆಗೊಡುತ್ತಾನೆ. ಇದನ್ನು ಕರಿಹಲಗೆಯ ಮೇಲೆ ಬರೆದು ತಿಳಿಸಬಹುದು. ಆದರೆ ಎಳೆಗೆ ಎದುರಾಗಿ ಉಳಿ ನಡೆದಾಗ ಮರವು ಕಿತ್ತು ಬರುವ ಬಗೆಯು ಕೈಗೆ ಮಾತ್ರ ತಿಳಿಯತಕ್ಕದ್ದು. ಅದಕ್ಕಾಗಿ ಕಲಿಯುವವನು ಮರವನ್ನು ಕೆಡಿಸಲೇಬೇಕು.

ತೊಡಕು ಇರುವುದು ಇಲ್ಲಿಯೇ. ಕೆಡುವ ಮರದ ಬೆಲೆಯನ್ನು ಕೊಡತಕ್ಕವರು ಯಾರು? ಹಿಂದೆ ಹುಡುಗನು ಕೂಲಿಯಿಲ್ಲದೆ ವರ್ಷಗಟ್ಟಲೆ ದುಡಿದು ಅದನ್ನು ತೀರಿಸುತ್ತಿದ್ದನು. ಇಂದು ಆಚಾರಿಯು ದಿನಗೂಲಿಗೆ, ಮನೆಯ ಯಜಮಾನರ ಮರದಲ್ಲಿ ಕೆಲಸ ಮಾಡುವವನು. ಹುಡುಗನ ಕೈಗೆ ಉಳಿ ಕೊಟ್ಟು ಅನ್ಯರ ಹಲಗೆಯನ್ನು ಕೆಡಿಸಲು ಅವನಿಗೆ ಅಧಿಕಾರವಿಲ್ಲ. ಆಚಾರಿಗಳು ವಿದ್ಯೆಯನ್ನು ಬಚ್ಚಿಡುತ್ತಾರೆಂದು ದೂರುವವರು ಇದನ್ನು ಗಮನಿಸಿದಂತಿಲ್ಲ.

ಶಾಲೆಯಲ್ಲಿ ಕೈಕೆಲಸವನ್ನು ಕಲಿಸುವ ವಿಚಾರ ಹೊಸದಲ್ಲ. ಫಿನ್ಲೆಂಡಿನಲ್ಲಿ 1866ರಲ್ಲಿಯೇ ಗ್ರಾಮಶಾಲೆಯ ಹುಡುಗರಿಗೆ ಇದು ಕಡ್ಡಾಯವಾಯಿತು. ಸ್ವೀಡನ್ನಿನ ಆಟೋ ಸಾಲೊಮನ್ನರು ಇದಕ್ಕಾಗಿಯೇ ಅಧ್ಯಾಪಕರನ್ನು ತರಬೇತುಗೊಳಿಸಿದರು. ಅವರ ಕ್ರಮದಲ್ಲಿ ಮಕ್ಕಳು ಮೊದಲು ಚಾಕುವೊಂದರಿಂದಲೇ ಮನೆಗೆ ಬೇಕಾದ ಚಿಕ್ಕ ವಸ್ತುಗಳನ್ನು ಮಾಡುತ್ತಿದ್ದರು. ನಮ್ಮಲ್ಲಿ 1937ರ ವಾರ್ಧಾ ಯೋಜನೆಯು ಕೈಕಸುಬನ್ನು ಶಿಕ್ಷಣದ ನಡುವೆಯೇ ಇರಿಸಿತು. ಆದರೆ ಮಕ್ಕಳ ಕೆಲಸದ ಆದಾಯದಿಂದ ಅಧ್ಯಾಪಕರ ವೇತನವು ಹುಟ್ಟಬೇಕೆಂಬುದು ಗಾಂಧೀಜಿಯವರ ಆಶಯವಾಗಿತ್ತು. ಈ ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಕೆಟ್ಟ ನೂಲಿನಿಂದಾಗುವ ನಷ್ಟ ಅಲ್ಪ. ಹಲಸಿನ ಹಲಗೆ ಹಾಗಲ್ಲ. ಮಾರಾಟಕ್ಕೆಂದು ಹೊರಟರೆ ಬಲ್ಲ ಹುಡುಗನೇ ಎಲ್ಲವನ್ನೂ ಮಾಡುವನು, ಕಲಿಯಬೇಕಾದವನು ನೋಡುತ್ತ ನಿಲ್ಲುವನು. ವೃತ್ತಿಪರಿಚಯ ಮೇಳದ ಸ್ಪರ್ಧೆಗೆ ಒಬ್ಬಿಬ್ಬರನ್ನೇ ತಯಾರು ಮಾಡುವಾಗ ನಾವೂ ಈ ತಪ್ಪನ್ನು ಮಾಡಿದ್ದೇವೆ.

ಆದುದರಿಂದ ಸಂಘದ ಹಿತೈಷಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಊರಿನ ಹಿರಿಯ ಆಚಾರಿಯೊಬ್ಬರು ವಾರಕ್ಕೊಂದು ಮಧ್ಯಾಹ್ನ ಬಂದು ಕಲಿಸಿದರೆ ಅವರ ಆ ದಿನದ ಕೂಲಿಯು ಪೂರ್ಣವಾಗಿ ಸಲ್ಲಬೇಕು. ಮನೆ ಕಟ್ಟುವವರು ತುಂಡು ಮರಗಳನ್ನು ಒಲೆಗೆ ಹಾಕುವ ಮೊದಲು ನಮ್ಮನ್ನು ನೆನೆಯಬೇಕು. ಹುಡುಗರಂತೆ ಹುಡುಗಿಯರೂ ಕಲಿಯತಕ್ಕದ್ದರಿಂದ ಮಸೆಗಲ್ಲುಗಳು ನಾಲ್ಕಾದರೂ ಬೇಕಾಗಿವೆ. ಅಟ್ಟದಲ್ಲಿ ಅಜ್ಜನ ಕಾಲದ ಉಳಿ ಇದ್ದವರು ದಯವಿಟ್ಟು ತಂದುಕೊಡಿ; ತುಕ್ಕು ಹಿಡಿದಿದೆಯೆಂದು ಸಂಕೋಚಪಡುವುದು ಬೇಡ, ಮೊದಲ ಪಾಠಕ್ಕೆ ಅಂಥದೇ ಬೇಕು.