ಕಂಠಸ್ಥವಾದ ನಗರ

ಲಂಡನ್ ನಗರದ ಬೀದಿಗಳಲ್ಲಿ, ಮಳೆಯಿರಲಿ ಮಂಜಿರಲಿ, ಸಣ್ಣದೊಂದು ಸ್ಕೂಟರಿನ ಹಿಡಿಕೆಗೆ ಹಲಗೆಯೊಂದನ್ನು ಬಿಗಿದು, ಅದರ ಮೇಲೆ ಮಾರ್ಗಗಳ ಪಟ್ಟಿಯನ್ನು ಸಿಕ್ಕಿಸಿಕೊಂಡು, ಯಾವ ಸರಕನ್ನೂ ಒಯ್ಯದೆ, ಯಾರ ಮನೆಗೂ ಹೋಗದೆ, ತಿರುವು ತಿರುವಿನಲ್ಲಿ ನಿಂತು ಬೀದಿಯ ಹೆಸರನ್ನೋದಿ, ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು ಮುಂದಕ್ಕೆ ಸಾಗುವ ಜನರನ್ನು ಇಂದಿಗೂ ಕಾಣಬಹುದು. ಅವರು ಆ ನಗರದ ಪ್ರಸಿದ್ಧವಾದ ಕಪ್ಪು ಟ್ಯಾಕ್ಸಿಗಳ ಚಾಲಕರಾಗಬಯಸುವ ಅಭ್ಯರ್ಥಿಗಳು. ಚೇರಿಂಗ್ ಕ್ರಾಸ್ ಎಂಬ ಸ್ಥಳವನ್ನು ಕೇಂದ್ರವಾಗಿಟ್ಟುಕೊಂಡು ಆರು ಮೈಲಿ ತ್ರಿಜ್ಯದ ವೃತ್ತವೊಂದನ್ನು ಎಳೆದರೆ ಅದರೊಳಗೆ ಬರುವ ಸುಮಾರು 25,000 ಬೀದಿಗಳನ್ನೂ, ಆ ಬೀದಿಗಳಲ್ಲಿರುವ ಆಸ್ಪತ್ರೆ, ನ್ಯಾಯಾಲಯ, ನಾಟಕಶಾಲೆ, ಹೋಟೆಲು, ಪ್ರತಿಮೆ, ಸ್ಮಾರಕಫಲಕಗಳನ್ನೂ ನಕ್ಷೆಯ ಸಹಾಯವಿಲ್ಲದೆ ಹೇಳಬಲ್ಲವನಿಗೆ ಮಾತ್ರ ಅಲ್ಲಿ ಚಾಲಕನ ಹಸಿರು ಬಿಲ್ಲೆ ದೊರೆಯುತ್ತದೆ. 'ನಾಲೆಜ್' ಎಂಬ ಹೆಸರಿನ ಈ ಪರೀಕ್ಷೆಯನ್ನು ನಂಬಿ ಒಂದು ವೃತ್ತಿ ಹೇಗೆ ನೆಲೆನಿಂತಿತು, ಅಂಗೈಯಗಲದ ಯಂತ್ರವೊಂದು ಬಂದು ಅದರ ಬುಡವನ್ನು ಹೇಗೆ ಸಡಿಲಗೊಳಿಸಿತು, ಈಗ ಚಾಲಕನೇ ಇಲ್ಲದ ಕಾರು ಆ ಬೀದಿಗಳಿಗೆ ಬರಲು ಹೇಗೆ ಸಿದ್ಧವಾಗುತ್ತಿದೆ ಎಂಬುದು ಸಾವಧಾನವಾಗಿ ವಿಚಾರಿಸತಕ್ಕ ವಿಷಯ.

ಬಾಡಿಗೆ ಬಂಡಿಗಳ ಚರಿತ್ರೆ ಅಲ್ಲಿ ಈ ಪರೀಕ್ಷೆಗಿಂತಲೂ ಹಳೆಯದು. 1634ರಲ್ಲಿ ಬೇಯ್ಲಿ ಎಂಬ ಹಡಗಿನ ಕಪ್ತಾನನೊಬ್ಬ ಸ್ಟ್ರ್ಯಾಂಡ್ ಬೀದಿಯಲ್ಲಿ ನಾಲ್ಕು ಕುದುರೆಗಾಡಿಗಳನ್ನು ನಿಲ್ಲಿಸಿ, ಸಾರಥಿಗಳಿಗೆ ಸಮವಸ್ತ್ರ ತೊಡಿಸಿ, ಇಂಥ ಜಾಗಕ್ಕೆ ಇಷ್ಟು ಎಂದು ದರವನ್ನು ಗೊತ್ತುಮಾಡಿದನು. ಇಪ್ಪತ್ತು ವರ್ಷಗಳ ಬಳಿಕ, ಕ್ರಾಮ್‌ವೆಲ್ಲನ ಆಳ್ವಿಕೆಯಲ್ಲಿ, ಬಂಡಿಕಾರರಿಗೆಂದು ಶಾಸನವೇ ಬಂದಿತು. ಆದರೆ ಅವರಿಗೆ ದಾರಿ ತಿಳಿದಿದೆಯೆ ಎಂದು ಯಾರೂ ಪರೀಕ್ಷಿಸಿರಲಿಲ್ಲ. 1851ರಲ್ಲಿ ಹೈಡ್ ಪಾರ್ಕಿನ ಮಹಾಪ್ರದರ್ಶನಕ್ಕೆ ನಾನಾ ದೇಶಗಳಿಂದ ಜನ ಬಂದಿಳಿದಾಗ ಬಂಡಿಕಾರರು ದಾರಿ ತಪ್ಪುತ್ತಾರೆಂಬ ದೂರುಗಳು ಹೇರಳವಾಗಿ ಕೇಳಿಬಂದವು. ಸರ್ ರಿಚರ್ಡ್ ಮೇನ್ ಪೊಲೀಸ್ ಕಮಿಷನರರಾಗಿದ್ದ ಕಾಲದಲ್ಲಿ, 1865ರಲ್ಲಿ, ಪರೀಕ್ಷೆ ಜಾರಿಗೆ ಬಂದಿತು. ಕುದುರೆ ಹೋಗಿ ಮೋಟಾರು ಬಂದರೂ, ಎರಡು ಮಹಾಯುದ್ಧಗಳು ಕಳೆದರೂ, ಬಾಂಬಿಗೆ ಸಿಕ್ಕಿ ಕೇರಿಗೆ ಕೇರಿಯೇ ನೆಲಸಮವಾಗಿ ಪುನಃ ಎದ್ದುನಿಂತರೂ ಆ ಪರೀಕ್ಷೆಯ ಸ್ವರೂಪ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಅಭ್ಯಾಸದ ಕ್ರಮವನ್ನು ತುಸು ಹತ್ತಿರದಿಂದ ನೋಡಬೇಕು. ಅಭ್ಯರ್ಥಿಯ ಕೈಗೆ ಮೊದಲು ಸಿಕ್ಕುವುದು 320 ಮಾರ್ಗಗಳುಳ್ಳ ಒಂದು ಪುಸ್ತಕ. ಅದರ ಮೊದಲನೆಯ ಮಾರ್ಗ ಉತ್ತರ ಲಂಡನ್ನಿನ ಮ್ಯಾನರ್ ಹೌಸ್ ನಿಲ್ದಾಣದಿಂದ ಗಿಬ್ಸನ್ ಸ್ಕ್ವೇರಿಗೆ. ಗ್ರೀನ್ ಲೇನ್ಸ್ ಹಿಡಿದು ಹೊರಟು, ಹೈಬರಿ ಕಾರ್ನರನ್ನು ಬಳಸಿ, ಅಪ್ಪರ್ ಸ್ಟ್ರೀಟಿಗೆ ಬಂದು, ಬಾರ್ನ್ಸ್‌ಬರಿ ಬೀದಿಯನ್ನು ದಾಟಿ, ಮಿಲ್ನರ್ ಸ್ಕ್ವೇರಿನ ಮೂಲಕ ಗುರಿಯನ್ನು ಸೇರುವ ಈ ದಾರಿಯನ್ನು ತಲೆಮಾರುಗಳ ಚಾಲಕರು ಮುಪ್ಪಿನಲ್ಲಿಯೂ ಮರೆಯದೆ ಹೇಳಬಲ್ಲರು. ಮಾರ್ಗದ ಎರಡು ತುದಿಗಳಲ್ಲಿಯೂ ಕಾಲು ಮೈಲಿ ತ್ರಿಜ್ಯದೊಳಗೆ ಏನೇನಿದೆಯೆಂಬುದನ್ನೂ ಕಲಿಯತಕ್ಕದ್ದು. ಹಗಲೆಲ್ಲ ಸ್ಕೂಟರಿನಲ್ಲಿ ಸುತ್ತಿ ಬಂದವರು ಸಾಯಂಕಾಲ ಇಬ್ಬಿಬ್ಬರಾಗಿ ಎದುರುಬದುರು ಕುಳಿತು, ಎಡಕ್ಕೆ ಇಂಥದು ಬಲಕ್ಕೆ ಇಂಥದು ಎಂದು, ನಮ್ಮ ಮಕ್ಕಳು ಮಗ್ಗಿ ಒಪ್ಪಿಸುವಂತೆ, ಒಬ್ಬರಿಗೊಬ್ಬರು ಒಪ್ಪಿಸುವರು. ಪರೀಕ್ಷೆಯ ದಿನ ಕೋಟು ಟೈ ತೊಟ್ಟು ಹೋಗಬೇಕು. ಮೇಜಿನ ಆಚೆ ಕುಳಿತ ಪರೀಕ್ಷಕರು ಎರಡು ಸ್ಥಳಗಳ ಹೆಸರು ಹೇಳುತ್ತಾರೆ. ಅವು ಯಾವ ಬೀದಿಯಲ್ಲಿವೆ ಎಂದು ಮೊದಲು ತಿಳಿಸಿ, ಆಮೇಲೆ ಅವುಗಳ ನಡುವಣ ಅತಿ ಹತ್ತಿರದ ದಾರಿಯನ್ನು, ಒಂದು ತಿರುವನ್ನೂ ಬಿಡದೆ, ಏಕಮುಖ ಸಂಚಾರದ ನಿಯಮಗಳನ್ನು ಮೀರದೆ ಹೇಳಬೇಕು. ಇಂತಹ ಮೌಖಿಕ ಪರೀಕ್ಷೆಗಳು ಮೊದಲು 56 ದಿನಗಳಿಗೊಮ್ಮೆ, ಅನಂತರ 28 ದಿನಗಳಿಗೊಮ್ಮೆ, ಕೊನೆಗೆ 21 ದಿನಗಳಿಗೊಮ್ಮೆ. ತಪ್ಪುಗಳು ಮಿತಿಮೀರಿದರೆ ಹಿಂದಿನ ಹಂತಕ್ಕೆ ಮರಳಬೇಕು. ಹೀಗೆ ಮೂರು ನಾಲ್ಕು ವರ್ಷಗಳು ಕಳೆಯುವುದು ಸಾಮಾನ್ಯ. ಆ ಕಾಲವೆಲ್ಲ ಬೇರೆ ಕೆಲಸದಿಂದ ಹೊಟ್ಟೆ ಹೊರೆದುಕೊಂಡು, ಹೆಂಡತಿಮಕ್ಕಳ ಸಹನೆಯನ್ನು ಸಾಲವಾಗಿ ಪಡೆದು ಓದಬೇಕಾದುದರಿಂದ, ಅರ್ಧದಲ್ಲಿಯೇ ಕೈಬಿಡುವವರು ಬಹು ಮಂದಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಲಿನರ್ ಮೆಗ್ವಾಯರ್ ಎಂಬ ವಿದುಷಿ ತಮ್ಮ ಸಹೋದ್ಯೋಗಿಗಳೊಡನೆ ಈ ಚಾಲಕರ ಮಿದುಳಿನ ಚಿತ್ರಗಳನ್ನು ತೆಗೆದು 2000ದಲ್ಲಿ ಪ್ರಕಟಿಸಿದ ಸಂಶೋಧನೆ ಲೋಕಪ್ರಸಿದ್ಧವಾಯಿತು. ಸ್ಥಳಸ್ಮರಣೆಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇತರರಿಗಿಂತ ಚಾಲಕರಲ್ಲಿ ದೊಡ್ಡದಾಗಿತ್ತು. ವೃತ್ತಿಯಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ಆ ವ್ಯತ್ಯಾಸವೂ ಹೆಚ್ಚಿತ್ತು. 2011ರಲ್ಲಿ ಅವರ ತಂಡ ಅಭ್ಯರ್ಥಿಗಳನ್ನೇ ಪರೀಕ್ಷೆಗೆ ಮುನ್ನವೂ ಅನಂತರವೂ ಪರಿಶೀಲಿಸಿ, ಉತ್ತೀರ್ಣರಾದವರಲ್ಲಿ ಮಾತ್ರ ಈ ಬೆಳವಣಿಗೆ ಕಾಣುತ್ತದೆಂದು ತೋರಿಸಿತು. ವೃತ್ತಿಗಾಗಿ ಬೆನ್ನನ್ನೂ ಕಣ್ಣನ್ನೂ ಸವೆಸಿದವರನ್ನು ನಾವು ಬಲ್ಲೆವು. ವೃತ್ತಿಗಾಗಿ ಮಿದುಳಿನ ಆಕಾರವನ್ನೇ ಬದಲಿಸಿಕೊಂಡವರೆಂದು ಪ್ರಮಾಣಸಹಿತವಾಗಿ ಹೇಳಬಹುದಾದವರು ವಿರಳ.

ಇಷ್ಟು ಶ್ರಮಪಟ್ಟವನಿಗೆ ನಗರವು ಪ್ರತಿಯಾಗಿ ಕೊಟ್ಟದ್ದು ಒಂದು ಹಕ್ಕು: ಬೀದಿಯಲ್ಲಿ ಕೈಯೆತ್ತಿದ ಪ್ರಯಾಣಿಕನನ್ನು ಅಲ್ಲಿಯೇ ಹತ್ತಿಸಿಕೊಳ್ಳುವ ಅಧಿಕಾರ ಅವನಿಗಲ್ಲದೆ ಇನ್ನಾರಿಗೂ ಇರಲಿಲ್ಲ. ಅದರ ಜೊತೆಗೆ ಕಟ್ಟುಪಾಡುಗಳೂ ಇದ್ದವು. ದರವನ್ನು ನಿಶ್ಚಯಿಸುವವನು ಚಾಲಕನಲ್ಲ, ಅಧಿಕಾರಿ. ಹನ್ನೆರಡು ಮೈಲಿಯೊಳಗಿನ ಪ್ರಯಾಣವನ್ನು ಸಕಾರಣವಿಲ್ಲದೆ ನಿರಾಕರಿಸಕೂಡದು. ಗಾಲಿಕುರ್ಚಿಯಲ್ಲಿ ಬಂದವರನ್ನು ಹತ್ತಿಸಿಕೊಳ್ಳಲು ವಾಹನ ಅನುಕೂಲವಾಗಿರಬೇಕು. ಈ ಚಾಲಕರ ಬದುಕಿನ ಇನ್ನೊಂದು ಗುರುತು ಊರೊಳಗೆ ಅಲ್ಲಲ್ಲಿ ಕಾಣುವ ಹಸಿರು ಮರದ ಗುಡಿಸಲುಗಳು. 1875ರಿಂದ ಮೊದಲ್ಗೊಂಡು, ಚಳಿಯಲ್ಲಿ ನಡುಗುವ ಬಂಡಿಕಾರರಿಗೆ ಅಗ್ಗವಾದ ಬಿಸಿ ಊಟ ಸಿಕ್ಕಲೆಂದು ದಾನಿಗಳು ಕಟ್ಟಿಸಿದ ಈ ತಂಗುದಾಣಗಳು ಸಾರ್ವಜನಿಕ ರಸ್ತೆಯ ಮೇಲೆ ನಿಂತಿರುವುದರಿಂದ ಒಂದು ಕುದುರೆಬಂಡಿಗಿಂತ ಹೆಚ್ಚಿನ ಜಾಗ ಹಿಡಿಯುವಂತಿರಲಿಲ್ಲ. ಒಳಗೆ ಮದ್ಯ, ಜೂಜು ಎರಡೂ ನಿಷಿದ್ಧ. ಅರವತ್ತೊಂದು ಕಟ್ಟಲ್ಪಟ್ಟವು, ಉಳಿದಿರುವುದು ಹದಿಮೂರು.

ಈ ವೃತ್ತಿಗೆ ಹಿಂದೆ ಭಯವೇ ಬಂದಿರಲಿಲ್ಲವೆಂದಲ್ಲ. 1961ರಲ್ಲಿ ವೆಲ್‌ಬೆಕ್ ಮೋಟಾರ್ಸ್ ಎಂಬ ಸಂಸ್ಥೆ ರೆನೋ ಡೋಫಿನ್ ಎಂಬ ಸಣ್ಣ ಕಾರುಗಳನ್ನು ಕಡಮೆ ದರಕ್ಕೆ ಬಾಡಿಗೆಗೆ ಬಿಟ್ಟಾಗ ಬೀದಿಯಲ್ಲಿ ಕೈಕೈ ಮಿಲಾಯಿಸುವಷ್ಟರ ಮಟ್ಟಿಗೆ ವಿವಾದ ಬೆಳೆಯಿತು. ಕಾಲಕ್ರಮದಲ್ಲಿ ಒಂದು ಗಡಿಯನ್ನು ಎರಡು ಪಕ್ಷದವರೂ ಒಪ್ಪಿದರು. ಮುಂಗಡವಾಗಿ ದೂರವಾಣಿಯಲ್ಲಿ ಗೊತ್ತುಮಾಡಿದ ಪ್ರಯಾಣ 'ಮಿನಿಕ್ಯಾಬ್' ಎನಿಸಿಕೊಂಡ ಈ ಬಾಡಿಗೆ ಕಾರುಗಳದು. ಬೀದಿಯಲ್ಲಿ ಕೈಯೆತ್ತಿ ಕರೆದದ್ದು ಟ್ಯಾಕ್ಸಿಯದು. ಈ ಗಡಿ ನಿಂತದ್ದು, ದೂರವಾಣಿ ಮನೆಯ ಗೋಡೆಗೆ ಅಂಟಿಕೊಂಡಿದ್ದುದರಿಂದ. ಆ ಸ್ಥಿತಿ ಬಹುಕಾಲ ಉಳಿಯಲಿಲ್ಲ. ಅಮೆರಿಕದ ಸರ್ಕಾರ 2000ದ ಮೇ ತಿಂಗಳಲ್ಲಿ ತನ್ನ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಸಾರ್ವಜನಿಕರಿಗೆ ಬೇಕೆಂದೇ ಮಸುಕುಮಾಡಿ ಕೊಡುವುದನ್ನು ನಿಲ್ಲಿಸಿತು. ಮುಂದಿನ ಹತ್ತು ವರ್ಷಗಳಲ್ಲಿ ಉಪಗ್ರಹ, ನಕ್ಷೆ, ದೂರವಾಣಿ ಮೂರೂ ಸೇರಿ ಒಂದೇ ಕೈಯಂತ್ರವಾದವು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಊಬರ್, 2012ರ ಬೇಸಗೆಯಲ್ಲಿ, ಒಲಿಂಪಿಕ್ಸ್ ನಡೆದ ವರ್ಷ, ಲಂಡನ್ನಿಗೆ ಬಂದಿತು. ಬೀದಿಯಲ್ಲಿ ನಿಂತೇ ಮುಂಗಡ ಗೊತ್ತುಮಾಡುವುದು ಸಾಧ್ಯವಾದಮೇಲೆ ಹಳೆಯ ಗಡಿ ಕಾಗದದ ಮೇಲಷ್ಟೆ ಉಳಿಯಿತು. ದಾರಿ ತಿಳಿಯದವನೂ, ಅಂದೇ ಊರಿಗೆ ಬಂದವನೂ ಯಂತ್ರದ ಧ್ವನಿಯನ್ನು ಅನುಸರಿಸಿ ಗುರಿ ಮುಟ್ಟಿಸಬಲ್ಲವನಾದನು.

ಇದನ್ನು ಪ್ರತಿಭಟಿಸಿ 2014ರ ಜೂನ್ 11ರಂದು ಸಾವಿರಾರು ಕಪ್ಪು ಟ್ಯಾಕ್ಸಿಗಳು ಟ್ರಫಾಲ್ಗರ್ ಸ್ಕ್ವೇರಿನ ಸುತ್ತ ನಿಂತು ಸಂಚಾರವನ್ನು ಸ್ತಂಭಿತಗೊಳಿಸಿದವು. ಮರುವರ್ಷ ಹೈಕೋರ್ಟು, ಊಬರ್ ಚಾಲಕನ ಮೊಬೈಲು ಕಾನೂನಿನ ಅರ್ಥದಲ್ಲಿ ಮೀಟರಲ್ಲವೆಂದು ತೀರ್ಪಿತ್ತಿತು. ನಗರದ ಸಾರಿಗೆ ಪ್ರಾಧಿಕಾರ 2017ರಲ್ಲಿಯೂ 2019ರಲ್ಲಿಯೂ ಊಬರಿನ ಪರವಾನಗಿಯನ್ನು ನವೀಕರಿಸಲೊಲ್ಲದೆ ಹೋಯಿತು. ಎರಡನೆಯ ಸಲ ಮುಖ್ಯವಾದೊಂದು ಕಾರಣ, ಚಾಲಕರ ಖಾತೆಗಳಿಗೆ ಬೇರೆಯವರು ತಮ್ಮ ಭಾವಚಿತ್ರಗಳನ್ನು ಸೇರಿಸಿ ಕನಿಷ್ಠ 14,000 ಪ್ರಯಾಣಗಳನ್ನು ನಡೆಸಿದ್ದುದು ಬೆಳಕಿಗೆ ಬಂದದ್ದು. ಎರಡು ಸಲವೂ ನ್ಯಾಯಾಲಯದ ಮೂಲಕ ಪರವಾನಗಿ ಮರಳಿ ಬಂದಿತು. ಅಷ್ಟರಲ್ಲಿ, 2013ರ ಸುಮಾರಿಗೆ 65,000ದಷ್ಟಿದ್ದ ಖಾಸಗಿ ಬಾಡಿಗೆ ಕಾರುಗಳ ಚಾಲಕರ ಸಂಖ್ಯೆ ಲಕ್ಷವನ್ನು ದಾಟಿತ್ತು. ಸುಮಾರು 25,000ದಷ್ಟಿದ್ದ ಕಪ್ಪು ಟ್ಯಾಕ್ಸಿ ಚಾಲಕರು ಇಂದು 17,000ದ ಆಸುಪಾಸಿಗೆ ಇಳಿದಿದ್ದಾರೆ. 2018ರಿಂದ ಹೊಸ ಟ್ಯಾಕ್ಸಿಗಳು ವಿದ್ಯುತ್ತಿನಿಂದಲೂ ಓಡಬಲ್ಲವಾಗಿರಬೇಕೆಂಬ ನಿಯಮ ಬಂದಿತು. ಅಂಥ ವಾಹನದ ಬೆಲೆ ಐವತ್ತು ಸಾವಿರ ಪೌಂಡಿಗೂ ಮಿಗಿಲು. ವಿದ್ಯೆಯ ಬೆಲೆ ಇಳಿಯುತ್ತಿರುವ ಕಾಲದಲ್ಲಿಯೇ ವಾಹನದ ಬೆಲೆ ಏರಿದುದರಿಂದ ಅನೇಕ ಹಿರಿಯರು ಬಿಲ್ಲೆಯನ್ನು ಹಿಂದಿರುಗಿಸಿ ಮನೆ ಸೇರಿದರು.

ಪ್ರಯಾಣಿಕನಿಗೆ ಊಬರಿನಿಂದ ಲಾಭವಾಗಲಿಲ್ಲವೆಂದರೆ ಅದು ಸತ್ಯಕ್ಕೆ ದೂರವಾದೀತು. ದರ ಇಳಿಯಿತು, ಕಪ್ಪು ಟ್ಯಾಕ್ಸಿ ಸುಲಭವಾಗಿ ಸಿಕ್ಕದ ಹೊರವಲಯಗಳಲ್ಲಿಯೂ ರಾತ್ರಿ ಕಾರು ಸಿಕ್ಕುವಂತಾಯಿತು. ಮೂರು ನಾಲ್ಕು ವರ್ಷಗಳನ್ನು ಓದಿಗೆ ಮೀಸಲಿಡುವ ಅನುಕೂಲವಿಲ್ಲದ ವಲಸಿಗರಿಗೆ, ಅವರಲ್ಲಿ ನಮ್ಮ ಉಪಖಂಡದವರೂ ಬಹಳ, ದುಡಿಮೆಯ ಬಾಗಿಲು ತೆರೆಯಿತು. ಆದರೆ ಆ ಬಾಗಿಲೊಳಗೆ ಹೋದವನ ಗತಿಯೇನಾಯಿತೆಂಬುದನ್ನೂ ನೋಡಬೇಕು. ಅವನು ನೌಕರನಲ್ಲ, ಸ್ವತಂತ್ರ ವ್ಯಾಪಾರಿ ಎಂದು ಕಂಪನಿ ವಾದಿಸಿತು. ದರ ಗೊತ್ತುಮಾಡುವುದು, ಪ್ರಯಾಣಿಕನನ್ನು ಆರಿಸುವುದು, ಕೆಲಸದಿಂದ ತೆಗೆದುಹಾಕುವುದು ಎಲ್ಲವೂ ಕಂಪನಿಯ ಕೈಯಲ್ಲಿಯೇ ಇದ್ದವು. 2021ರ ಫೆಬ್ರವರಿ 19ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಈ ವಾದವನ್ನು ಸರ್ವಾನುಮತದಿಂದ ತಳ್ಳಿಹಾಕಿ, ಚಾಲಕರು ಕನಿಷ್ಠ ವೇತನಕ್ಕೂ ಸಂಬಳಸಹಿತ ರಜೆಗೂ ಅರ್ಹರಾದ ಕೆಲಸಗಾರರೆಂದು ಹೇಳಿತು.

ಬೆಂಗಳೂರಿನ ಚಾಲಕನಿಗೆ ಲಂಡನ್ನಿನವನಂಥ ಪರೀಕ್ಷೆಯ ಆಸರೆ ಎಂದೂ ಇರಲಿಲ್ಲ. ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದು 2013ರಲ್ಲಿ ನಮ್ಮ ಈ ಊರಿಗೇ. ಓಲಾದ ನೆಲೆಯೂ ಇಲ್ಲಿಯೇ. ಆರಂಭದ ದಿನಗಳಲ್ಲಿ ಇನ್ಸೆಂಟಿವಿನ ಹಣ ಧಾರಾಳವಾಗಿ ಬರುತ್ತಿದ್ದಾಗ, ಅದನ್ನೇ ನಂಬಿ ಊರಿನ ಹೊಲ, ಹೆಂಡತಿಯ ಒಡವೆಗಳನ್ನು ಅಡವಿಟ್ಟು ಕಾರು ತೆಗೆದವರುಂಟು. ಇನ್ಸೆಂಟಿವ್ ಕರಗಿತು, ಕಂತು ಕರಗಲಿಲ್ಲ. 2017ರ ಫೆಬ್ರವರಿಯಲ್ಲಿ ಅವರು ಆ್ಯಪ್ ಮುಚ್ಚಿ ಮುಷ್ಕರ ಹೂಡಿದರು. ಅಂದಿನಿಂದ ಇಂದಿನವರೆಗಿನ ಸಂಗತಿಗಳಲ್ಲಿ ಸಮಾಧಾನ ಕೊಡುವಂಥವು ಎರಡು. ಒಂದು, ಆಟೋ ಚಾಲಕರ ಸಂಘವೇ ಕೈಜೋಡಿಸಿ 2022ರಲ್ಲಿ ಹೊರತಂದ, ಪ್ರತಿ ಪ್ರಯಾಣಕ್ಕೂ ಕಮಿಷನ್ ಮುರಿಯದ 'ನಮ್ಮ ಯಾತ್ರಿ'; ಇನ್ನೊಂದು, ಇಂತಹ ದುಡಿಮೆಗಾರರ ಕ್ಷೇಮನಿಧಿಗೆ ಕಂಪನಿಗಳೇ ಶುಲ್ಕ ಕೊಡಬೇಕೆಂದು ವಿಧಿಸುವ 2025ರ ಕರ್ನಾಟಕದ ಕಾಯಿದೆ.

ಲಂಡನ್ನಿನ ಹಳೆಯ ಚಾಲಕನೂ ಹೊಸ ಚಾಲಕನೂ ಹತ್ತು ವರ್ಷ ಪರಸ್ಪರರನ್ನೇ ವೈರಿಗಳೆಂದು ಭಾವಿಸಿದ್ದರು. ಇಬ್ಬರನ್ನೂ ಒಟ್ಟಿಗೆ ತೊಲಗಿಸುವ ಯಂತ್ರ ಬೇರೊಂದು ದಿಕ್ಕಿನಿಂದ ಬರುತ್ತಿತ್ತು. 2004ರಲ್ಲಿ ಅಮೆರಿಕದ ಸೈನ್ಯಸಂಶೋಧನ ಸಂಸ್ಥೆ ಮೊಹಾವಿ ಮರುಭೂಮಿಯಲ್ಲಿ ಚಾಲಕರಿಲ್ಲದ ವಾಹನಗಳ ಪಂದ್ಯವನ್ನೇರ್ಪಡಿಸಿದಾಗ 142 ಮೈಲಿಗಳ ದಾರಿಯಲ್ಲಿ ಎಂಟು ಮೈಲಿಯನ್ನು ಕೂಡ ಒಂದೂ ಮುಟ್ಟಲಿಲ್ಲ. ಮರುವರ್ಷವೇ ಐದು ವಾಹನಗಳು ಗುರಿ ಸೇರಿದವು. ಅಂದು ಗೆದ್ದ ಸ್ಟ್ಯಾನ್‌ಫರ್ಡ್ ತಂಡದ ಮುಖ್ಯಸ್ಥ ಸೆಬಾಸ್ಟಿಯನ್ ಥ್ರನ್ ಅವರು 2009ರಲ್ಲಿ ಗೂಗಲಿನಲ್ಲಿ ಆರಂಭಿಸಿದ ಕಾರ್ಯವೇ ಇಂದಿನ ವೇಮೊ. ಊಬರಿನ ಅಂದಿನ ಮುಖ್ಯಸ್ಥ ಟ್ರಾವಿಸ್ ಕಲಾನಿಕ್ 2014ರಲ್ಲಿಯೇ, ಪ್ರಯಾಣ ದುಬಾರಿಯಾಗಿರುವುದಕ್ಕೆ ಕಾರಣ ಕಾರಿನಲ್ಲಿರುವ ಇನ್ನೊಬ್ಬನಿಗೂ ಹಣ ತೆರಬೇಕಾಗಿರುವುದು ಎಂಬ ಅಭಿಪ್ರಾಯವನ್ನು ಸಭೆಯೊಂದರಲ್ಲಿ ಬಿಚ್ಚಿ ಹೇಳಿದ್ದರು. ತನಗಾಗಿ ದುಡಿಯುವ ಸಹಸ್ರಾರು ಜನರನ್ನು ಕಳೆಯತಕ್ಕ ಖರ್ಚೆಂದು ಎಣಿಸಿದ ಆ ಮಾತನ್ನು ನಾನು ಕ್ರೂರವೆಂದೇ ಕರೆಯುತ್ತೇನೆ. 2020ರಿಂದ ಫೀನಿಕ್ಸಿನಲ್ಲಿ, 2023ರಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೇಮೊ ಕಾರುಗಳು ಚಾಲಕನ ಆಸನ ಬರಿದಾಗಿಯೇ ಬಾಡಿಗೆಗೆ ಓಡುತ್ತಿವೆ. ಲಂಡನ್ನಿಗೂ ಬರುತ್ತೇವೆಂದು 2025ರ ಅಕ್ಟೋಬರಿನಲ್ಲಿ ಆ ಸಂಸ್ಥೆ ಘೋಷಿಸಿತು. ನಮ್ಮ ದೇಶದಲ್ಲಿ, ಚಾಲಕರ ಉದ್ಯೋಗ ಹೋಗುತ್ತದೆಂಬ ಕಾರಣಕ್ಕಾಗಿಯೇ ಇಂಥ ಕಾರುಗಳನ್ನು ಬಿಡೆವೆಂದು ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ 2023ರಲ್ಲಿಯೂ ಹೇಳಿದ್ದಾರೆ. ಬಾಯಿಮಾತಿನ ಆಶ್ವಾಸನೆ ಶಾಸನವಲ್ಲವಾದರೂ, ಚಾಲಕನನ್ನು ಲೆಕ್ಕಕ್ಕೆ ತೆಗೆದುಕೊಂಡು ಆಡಿದ ಮಾತು ಅದೆಂಬುದನ್ನು ಒಪ್ಪಬೇಕು.

ಬ್ರಿಟನ್ನಿನಲ್ಲಿ 2024ರ ಮೇ ತಿಂಗಳಲ್ಲಿ ಸ್ವಯಂಚಾಲಿತ ವಾಹನಗಳ ಕಾಯಿದೆ ಅಂಗೀಕೃತವಾಯಿತು. ಅಪಘಾತವಾದರೆ ಹೊಣೆ ಯಾರದು, ಮಾರುವವನು ಸುಳ್ಳು ಭರವಸೆ ಕೊಟ್ಟರೆ ಶಿಕ್ಷೆಯೇನು, ವೃದ್ಧರಿಗೂ ಅಂಗವಿಕಲರಿಗೂ ಅನುಕೂಲ ಹೇಗೆ ಎಂಬುದನ್ನೆಲ್ಲ ಅದು ವಿವರವಾಗಿ ಚಿಂತಿಸಿದೆ. ರಸ್ತೆಯನ್ನು ಬಳಸುವ ಎಲ್ಲರನ್ನೂ ನೆನೆದ ಆ ಶಾಸನದಲ್ಲಿ, ಆ ರಸ್ತೆಯನ್ನು ಕಂಠಸ್ಥ ಮಾಡಿ ಬದುಕಿದವನ ಅನ್ನದ ಪ್ರಸ್ತಾಪ ಬರುವುದಿಲ್ಲ. ಆದರೂ ಒಂದು ಕಿಂಡಿ ಉಂಟು: ಟ್ಯಾಕ್ಸಿಯನ್ನು ಹೋಲುವ ಸೇವೆಗೆ ಪರವಾನಗಿ ಕೊಡುವ ಮೊದಲು ಸ್ಥಳೀಯ ಪ್ರಾಧಿಕಾರದ ಸಮ್ಮತಿ ಬೇಕು, ಲಂಡನ್ನಿನ ಮಟ್ಟಿಗೆ ಆ ಪ್ರಾಧಿಕಾರ, ಇಂದಿಗೂ 'ನಾಲೆಜ್' ಪರೀಕ್ಷೆಯನ್ನು ನಡೆಸುತ್ತಿರುವ ಸಾರಿಗೆ ಪ್ರಾಧಿಕಾರವೇ. ಈ ವರ್ಷವೂ ಅಭ್ಯರ್ಥಿಗಳಿಂದ ಶುಲ್ಕ ಪಡೆದು, 320 ಮಾರ್ಗಗಳನ್ನು ಕಲಿತು ಬನ್ನಿರೆಂದು ಕಳುಹಿಸುತ್ತಿರುವ ಕಚೇರಿ, ಚಾಲಕರಹಿತ ಕಾರಿಗೆ ಸಮ್ಮತಿಯ ಸಹಿ ಹಾಕುವ ಮುನ್ನ ಅವರ ಮುಂದಿನ ಇಪ್ಪತ್ತು ವರ್ಷಗಳ ಜೀವನೋಪಾಯಕ್ಕೆ ಏನು ವ್ಯವಸ್ಥೆಯೆಂದು ಅವರಿಗೆ ಮೊದಲೇ ಲಿಖಿತವಾಗಿ ತಿಳಿಸಲು ಬದ್ಧವಾಗಿರಬೇಕು. ಯಂತ್ರ ಓಡಿಸುವ ಪ್ರತಿ ಬಾಡಿಗೆಯಿಂದಲೂ ಅದಕ್ಕಾಗಿ ಒಂದು ಪಾಲನ್ನು ತೆಗೆದಿಡಬೇಕು.