ಹಾಲು ಹಿಂಡಿದ ಮೇಲಿನ ಅರ್ಧ ಗಂಟೆ

ಬೀದರ್ ಜಿಲ್ಲೆಯ ನಾರಾಯಣಪುರಕ್ಕೆ ಬರುವವರು ಚಾಲುಕ್ಯರ ಕಾಲದ ಶಿವಾಲಯ ನೋಡಿ ಹೊರಟುಬಿಡುತ್ತಾರೆ. ಶ್ರಾವಣದ ಮುಂಜಾವಿನಲ್ಲಿ ಇಲ್ಲಿಯ ಕೊಟ್ಟಿಗೆಗಳನ್ನೂ ನೋಡಬೇಕು, ಅದೂ ಹಾಲು ಹಿಂಡಿ ಚರಿಗೆ ಒಳಗೆ ಹೋದ ಮೇಲೆ.

ಗೋದಲಿಯಲ್ಲಿ ಜೋಳದ ಕಣಿಕೆ ಇದ್ದರೆ ಆಕಳು ನಿಂತು ಮೇಯುತ್ತದೆ. ಖಾಲಿಯಿದ್ದರೆ ಒಮ್ಮೆ ಮೂಸಿ, ಮುಂಗಾಲು ಮಡಚಿ ಮಲಗುತ್ತದೆ. ಮಳೆಗಾಲದ ನೆಲದಲ್ಲಿ ಸಗಣಿ, ಗಂಜಲ, ಕೆಸರು ಒಂದಾಗಿರುತ್ತವೆ. ಕೆಚ್ಚಲು ಅದರ ಮೇಲೆಯೇ ಊರುತ್ತದೆ.

ತೊಟ್ಟಿನ ತುದಿಯ ನಾಳ ಸುಮಾರು 1 ಸೆಂಟಿಮೀಟರ್ ಉದ್ದ. ಒಳಗೆ ಕೆರಾಟಿನ್ ಲೇಪ, ಸುತ್ತ ಉಂಗುರದಂಥ ಸ್ನಾಯು. ಹಿಂಡಿದಾಗ ಸಡಿಲಾದ ಈ ಬಾಗಿಲು ಪೂರ್ತಿ ಮುಚ್ಚಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಸಗಣಿಯಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಒಳಹೊಕ್ಕು ಕೆಚ್ಚಲು ಬಾವು ತರಲು ಅಷ್ಟು ಹೊತ್ತು ಧಾರಾಳವಾಗಿ ಸಾಕು. ಇದೇ ರೋಗ ತರುವ ಇನ್ನೊಂದು ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಆರಿಯಸ್ ಬರುವ ದಾರಿ ಬೇರೆ: ಹಿಂಡುವ ಕೈ, ಒರೆಸುವ ಬಟ್ಟೆ.

ಕೆಚ್ಚಲಿನ ನಾಲ್ಕು ಭಾಗಗಳ ಹಾಲು ಒಳಗೆ ಬೆರೆಯುವುದಿಲ್ಲ. ಹಾಗಾಗಿ ಮೂರು ತೊಟ್ಟು ಚೆನ್ನಾಗಿದ್ದು ಒಂದರಲ್ಲಿ ಮಾತ್ರ ಗರಣೆ ಬರಬಹುದು. ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟರೆ ಕಾಣುತ್ತದೆ. ಆಕಳ ನಡೆಯಲ್ಲೂ ಗುರುತು ಸಿಗುತ್ತದೆ. ಹಿಂಗಾಲು ಅಗಲಿಸಿ ನಡೆಯುತ್ತದೆ, ಕರು ಆ ತೊಟ್ಟಿಗೆ ಬಾಯಿ ಹಾಕಿದರೆ ಒದೆಯುತ್ತದೆ. ಈ ರೋಗದಲ್ಲಿ ಹೊರಗೆ ಬಾವು ಕಾಣದ, ಹಾಲಷ್ಟೇ ಕಡಿಮೆಯಾಗುವ, ರುಚಿ ತುಸು ಉಪ್ಪಾಗುವ ಬಗೆಯೇ ಹೆಚ್ಚು. ಅದನ್ನು ಹಿಡಿಯಲು ಕಣ್ಣು ಸಾಲದು, ಪರೀಕ್ಷೆ ಬೇಕು.

ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಸಿನ 50, ಸುಣ್ಣ 15 ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಹೇಳಿಕೊಡುತ್ತದೆ. ಜ್ವರ ಬಂದು ಮೇವು ಬಿಟ್ಟ ಆಕಳಿಗೆ ಮಾತ್ರ ಅದನ್ನೇ ನಂಬಿ ಕೂರಬಾರದು, ಪಶುವೈದ್ಯರು ಬೇಕು.

ಇದು ದೇವಣಿ ತಳಿಯ ಸೀಮೆ. ಅಚ್ಚ ಬಿಳಿಯ ಬಾಲಂಕ್ಯಾ, ಮೋರೆಯ ಪಕ್ಕ ಕಪ್ಪಿರುವ ವಾನೇರಾ, ಮೈಮೇಲೆ ಕಪ್ಪು ಮಚ್ಚೆಯ ಶೇವೇರಾ. ಕರು ಎದುರಿಗಿಲ್ಲದೆ ದೇವಣಿ ಸಾಮಾನ್ಯವಾಗಿ ಹಾಲಿಳಿಸುವುದಿಲ್ಲ. ಹಿಂಡಿದ ಮೇಲೂ ಕರುವನ್ನು ಬಿಡುತ್ತಾರೆ. ಅದು ಗುದ್ದಿ ಗುದ್ದಿ ಉಳಿದದ್ದನ್ನೂ ಚೀಪುತ್ತದೆ, ತಾಯಿ ಅಷ್ಟು ಹೊತ್ತು ನಿಂತಿರುತ್ತದೆ. ಮಿಶ್ರತಳಿಯ ಆಕಳಿಗೆ ಕರುವಿನ ಈ ಕಾವಲಿಲ್ಲ. ಅದಕ್ಕೆ ಹಿಂಡುವಾಗಲೇ ಹಿಂಡಿಯ ಬುಟ್ಟಿ ಇಡುತ್ತಾರೆ, ಒದೆಯದಿರಲೆಂದು. ಹಾಲು ಮುಗಿಯುವಷ್ಟರಲ್ಲಿ ಬುಟ್ಟಿಯೂ ಖಾಲಿ. ತೊಟ್ಟು ಮುಚ್ಚುವವರೆಗೆ ಆಕಳು ನಿಂತಿರಲೆಂದು ಕಣಿಕೆಯ ಒಂದು ಹೊರೆಯನ್ನು ಆಮೇಲಿಗೆ ಇಟ್ಟುಕೊಳ್ಳುವ ಮನೆಗಳು ಕಡಿಮೆ.