ಸೈಡ್ ಸ್ಟ್ಯಾಂಡ್ ಸಡಿಲವಾದರೆ: ನಟ್ ಬಿಗಿಸುವ ಮೊದಲು ನೋಡಬೇಕಾದದ್ದು



ಗಡಿನಾಡಿನ ನಮ್ಮ ಊರುಗಳಲ್ಲಿ ಈಗ ಎತ್ತರದ ಬೈಕ್‌ಗಳು ಹೆಚ್ಚಾಗಿವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ, ಹೀರೋ ಎಕ್ಸ್‌ಪಲ್ಸ್ 200 2019ರಲ್ಲಿ ಮಾರುಕಟ್ಟೆಗೆ ಬಂದವು. ಕಲ್ಲುದಾರಿ, ತೋಟದ ದಾರಿ, ಹೊಲದ ಬದುವಿನ ಮೇಲೆ ಓಡಾಡುವವರಿಗೆ ಇಂಥ ಗಾಡಿ ಅನುಕೂಲ. ಆದರೆ ಸಂಘದ ಸಭೆಗೆ ಬರುವ ಹುಡುಗರಿಂದ ಒಂದು ದೂರು ಪದೇ ಪದೇ ಕೇಳುತ್ತಿದ್ದೇನೆ: “ಸೈಡ್ ಸ್ಟ್ಯಾಂಡ್ ಲೂಸ್ ಆಗಿದೆ ಅಂಕಲ್, ನಟ್ ಟೈಟ್ ಮಾಡಿಸಿದರೂ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ.”

ಹಾಗಾಗುವುದಕ್ಕೆ ಕಾರಣವಿದೆ. ಸಡಿಲವಾದ ಸ್ಟ್ಯಾಂಡ್ ಎಂಬುದು ಒಂದೇ ದೋಷವಲ್ಲ. ನಟ್ ಸಡಿಲವಾಗಿರಬಹುದು, ಬೋಲ್ಟ್ ಅಥವಾ ಅದರ ತೂತು ಸವೆದಿರಬಹುದು, ಸ್ಪ್ರಿಂಗ್ ಸೋತಿರಬಹುದು, ಸ್ಟ್ಯಾಂಡ್ ಬಂದು ನಿಲ್ಲುವ ತಡೆ ಸವೆದಿರಬಹುದು. ನಟ್ ಬಿಗಿಸುವುದು ಮೊದಲನೆಯದಕ್ಕೆ ಮಾತ್ರ ಮದ್ದು. ಕಡತ ಓದದೆ ಸಹಿ ಹಾಕಬಾರದು ಎಂದು ಕಚೇರಿಯಲ್ಲಿ ಹೇಳುತ್ತಿದ್ದರು. ಇಲ್ಲಿಯೂ ಅದೇ ನಿಯಮ.

ಇದು ಚಿಕ್ಕ ವಿಷಯವಲ್ಲ

ಗಾಡಿ ಬಿದ್ದು ಕನ್ನಡಿ, ಕ್ಲಚ್ ಲಿವರ್ ಮುರಿಯುವುದು ಸಣ್ಣ ನಷ್ಟ. ದೊಡ್ಡ ಅಪಾಯ ಓಡುವಾಗ ಇದೆ. ಸ್ಪ್ರಿಂಗ್ ಸೋತಿದ್ದರೆ ಗುಂಡಿಯ ಹೊಡೆತಕ್ಕೆ ಸ್ಟ್ಯಾಂಡ್ ತಾನಾಗಿ ಮುಂದಕ್ಕೆ ಬಿಚ್ಚಿಕೊಳ್ಳಬಹುದು. ಸ್ಟ್ಯಾಂಡ್ ಇರುವುದು ಎಡಬದಿಗೆ. ಎಡ ತಿರುವಿನಲ್ಲಿ ಗಾಡಿ ವಾಲಿದಾಗ ಅದರ ತುದಿ ರಸ್ತೆಗೆ ಊರಿಕೊಂಡರೆ ಹಿಂದಿನ ಚಕ್ರ ಮೇಲೇಳುತ್ತದೆ, ಸವಾರ ಹೊರಗೆ ಎಸೆಯಲ್ಪಡುತ್ತಾನೆ. ತಾಳವಾಡಿಯವರು ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಹಟ್ಟಿ ಘಾಟಿಯಲ್ಲಿ 36. ವಯನಾಡಿನಿಂದ ಕೋಝಿಕ್ಕೋಡ್ ಕಡೆಗೆ ಇಳಿಯುವ ತಾಮರಶ್ಶೇರಿ ಘಾಟಿಯಲ್ಲಿ 9. ಇಲ್ಲೆಲ್ಲ ಓಡಾಡುವವರು ನಮ್ಮ ಮನೆಯ ಮಕ್ಕಳೇ.

ಇನ್ನೊಂದು ತೊಂದರೆಯೂ ಇದೆ. ಈಚಿನ ಅನೇಕ ಬೈಕ್‌ಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದು ಗೇರ್ ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ ಇರುತ್ತದೆ. ಸ್ಟ್ಯಾಂಡ್ ಅಲುಗಾಡುತ್ತಿದ್ದರೆ ಆ ಸ್ವಿಚ್‌ಗೆ ಸ್ಟ್ಯಾಂಡ್ ಬಿಚ್ಚಿದಂತೆ ಭಾಸವಾಗಿ, ಕಲ್ಲುದಾರಿಯಲ್ಲಿ ಎಂಜಿನ್ ಆಗಾಗ ಕೆಮ್ಮಿ ನಿಲ್ಲಬಹುದು. ಪ್ಲಗ್, ಪೆಟ್ರೋಲ್ ಎಂದು ಹುಡುಕುವ ಮುಂಚೆ ಸ್ಟ್ಯಾಂಡ್ ನೋಡಿ. ಸ್ವಿಚ್‌ನ ವೈರ್ ಕತ್ತರಿಸಿ ಜೋಡಿಸಿಬಿಡುವ ಸಲಹೆಯನ್ನು ಮಾತ್ರ ಯಾರು ಕೊಟ್ಟರೂ ಒಪ್ಪಬೇಡಿ. ಅದು ನಿಮ್ಮ ಪ್ರಾಣಕ್ಕೆ ಇಟ್ಟ ಕಾವಲು.

ದೋಷ ಯಾವುದೆಂದು ತಿಳಿಯುವುದು ಹೇಗೆ

ಒಬ್ಬರು ಗಾಡಿಯನ್ನು ನೇರವಾಗಿ ಹಿಡಿದುಕೊಳ್ಳಲಿ. ಇನ್ನೊಬ್ಬರು ಈ ಮೂರು ಪರೀಕ್ಷೆ ಮಾಡಲಿ.

1. ಸ್ಟ್ಯಾಂಡ್ ಬಿಚ್ಚಿ, ಅದರ ಪಾದವನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ತುಸು ಆಟ ಎಲ್ಲ ಗಾಡಿಗೂ ಇರುತ್ತದೆ. ಹೆಚ್ಚಿದ್ದರೆ ಮೇಲಿನ ಬೋಲ್ಟ್ ನೋಡಿ. ನಟ್ ಕೈಗೇ ತಿರುಗಿದರೆ ದೋಷ ನಟ್‌ನದು. ನಟ್ ಬಿಗಿಯಾಗಿದ್ದೂ ಸ್ಟ್ಯಾಂಡ್ ಅಲುಗಾಡಿದರೆ ಬೋಲ್ಟ್ ಅಥವಾ ತೂತು ಸವೆದಿದೆ.

2. ಸ್ಟ್ಯಾಂಡ್ ಮಡಚಿ, ಕೈಯಿಂದ ನಾಲ್ಕು ಬೆರಳಷ್ಟು ಕೆಳಗೆ ಎಳೆದು ಬಿಡಿ. ಟಪ್ ಎಂದು ಮೇಲೆ ಹೋಗಬೇಕು. ನಿಧಾನಕ್ಕೆ ಹೋದರೆ ಅಥವಾ ನಡುವೆ ನಿಂತರೆ ಸ್ಪ್ರಿಂಗ್ ಸೋತಿದೆ, ಇಲ್ಲವೆ ಕೀಲಿನಲ್ಲಿ ಮಣ್ಣು ತುಂಬಿದೆ.

3. ಅಲುಗಾಟವಿಲ್ಲ, ಸ್ಪ್ರಿಂಗ್ ಚೆನ್ನಾಗಿದೆ, ಆದರೂ ಗಾಡಿ ಮೊದಲಿಗಿಂತ ಹೆಚ್ಚು ವಾಲಿ ನಿಲ್ಲುತ್ತದೆ ಎಂದರೆ ತಡೆ ಸವೆದಿದೆ, ಅಥವಾ ಸ್ಟ್ಯಾಂಡ್ ಬಗ್ಗಿದೆ. ನಿಂತ ಗಾಡಿಯ ಮೇಲೆ ಕೂತು ಸ್ಟ್ಯಾಂಡ್ ಮೇಲೆಯೇ ಭಾರ ಹಾಕುವವರಿಗೆ ಇದು ಬೇಗ ಬರುತ್ತದೆ.

ಎತ್ತರದ ಬೈಕ್‌ಗೆ ಈ ಕಾಟ ಹೆಚ್ಚು. ಸ್ಟ್ಯಾಂಡ್ ಉದ್ದವಾದಷ್ಟೂ ಮೇಲಿನ ಸಣ್ಣ ಸವೆತ ಕೆಳಗೆ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಹಾಕಿ: 30 ಮಿ.ಮೀ. ಅಗಲದ ಕೀಲಿನಲ್ಲಿ 1 ಮಿ.ಮೀ. ಸಡಿಲವಿದ್ದರೆ, 300 ಮಿ.ಮೀ. ಉದ್ದದ ಸ್ಟ್ಯಾಂಡಿನ ತುದಿ ಸುಮಾರು 10 ಮಿ.ಮೀ. ಆಡುತ್ತದೆ. ಜೊತೆಗೆ ನಮ್ಮ ನೆಲದ ಗುಣವೂ ಇದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಎರೆಮಣ್ಣು ಕೀಲಿನೊಳಗೆ ಸೇರಿ ಒಣಗಿದರೆ ಗಟ್ಟಿ ಹೆಂಟೆಯಾಗುತ್ತದೆ. ಕಾಸರಗೋಡಿನ ಮಳೆಗೆ ಬೋಲ್ಟ್ ತುಕ್ಕು ಹಿಡಿಯುತ್ತದೆ. ರಾಯದುರ್ಗ, ಮಡಕಶಿರಾ ಕಡೆಯ ಮರಳುಧೂಳು ಗ್ರೀಸ್ ಜೊತೆ ಸೇರಿದರೆ ಉಪ್ಪುಕಾಗದದ ಹಾಗೆ ಲೋಹವನ್ನು ಉಜ್ಜುತ್ತದೆ.

ಮನೆಯಲ್ಲಿ ಮಾಡಬಹುದಾದ ರಿಪೇರಿ

ವಾರಂಟಿ ಇರುವ ಗಾಡಿಯಾದರೆ ಕೈ ಹಾಕಬೇಡಿ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಉಳಿದವರು ಹೀಗೆ ಮಾಡಿ.

ಮೊದಲು ಗಾಡಿ ಭದ್ರವಾಗಿ ನಿಲ್ಲಬೇಕು. ಸೆಂಟರ್ ಸ್ಟ್ಯಾಂಡ್ ಇದ್ದರೆ ಸರಿ. ಇಲ್ಲದಿದ್ದರೆ ಪ್ಯಾಡಾಕ್ ಸ್ಟ್ಯಾಂಡ್ ತನ್ನಿ, ಅಥವಾ ಎರಡು ಕಂಬಗಳ ನಡುವೆ ಹ್ಯಾಂಡಲ್‌ಗೆ ಎರಡೂ ಕಡೆ ಹಗ್ಗ ಬಿಗಿದು ಚಕ್ರಕ್ಕೆ ಕಲ್ಲು ಕೊಡಿ. ಆಮೇಲೂ ಒಬ್ಬರು ಹಿಡಿದುಕೊಂಡಿರಲಿ. ಎಂಜಿನ್ ಆರಿರಬೇಕು.

ಸ್ಪ್ರಿಂಗ್ ಬಿಚ್ಚುವುದೇ ಕಷ್ಟದ ಕೆಲಸ. ಅದಕ್ಕೆ ಒಂದು ಉಪಾಯವಿದೆ. ಸ್ಟ್ಯಾಂಡನ್ನು ಅರ್ಧಕ್ಕೆ ತಂದಾಗ ಸ್ಪ್ರಿಂಗ್ ಎಳೆದುಕೊಂಡು ಸುರುಳಿಗಳ ನಡುವೆ ಸಂದು ಕಾಣುತ್ತದೆ. ಆ ಸಂದುಗಳಲ್ಲಿ ತೆಳುವಾದ ವಾಷರ್ ಅಥವಾ ನಾಣ್ಯ ತೂರಿಸಿ. ಈಗ ಸ್ಟ್ಯಾಂಡ್ ಮಡಚಿದರೆ ಸ್ಪ್ರಿಂಗ್ ಗಿಡ್ಡವಾಗದೆ ಸಡಿಲಾಗುತ್ತದೆ, ಕೊಕ್ಕೆ ಸುಲಭವಾಗಿ ಬರುತ್ತದೆ. ಹಾಕುವಾಗಲೂ ಇದೇ ಕ್ರಮ. ಕಣ್ಣಿಗೆ ಕನ್ನಡಕವಿರಲಿ, ಮುಖ ಸ್ಪ್ರಿಂಗ್‌ನ ನೇರಕ್ಕೆ ಬೇಡ. ಸ್ಕ್ರೂಡ್ರೈವರ್‌ನಿಂದ ಮೀಟುವುದು ಅಪಾಯ.

ನಂತರ ಸ್ವಿಚ್ ಇದ್ದರೆ ಅದನ್ನು ವೈರ್ ಎಳೆಯದೆ ಬಿಚ್ಚಿ ಪಕ್ಕಕ್ಕಿಡಿ. ಲಾಕ್ ನಟ್ ತೆಗೆದು, ಬೋಲ್ಟ್ ಬಿಚ್ಚಿ. ಎಲ್ಲವನ್ನೂ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಹಾಕಿ ತೊಳೆದು ಒರೆಸಿ. ಬೋಲ್ಟ್‌ನ ಥ್ರೆಡ್ ಇಲ್ಲದ ನುಣುಪು ಭಾಗದ ಮೇಲೆ ಉಗುರು ಓಡಿಸಿ. ಮೆಟ್ಟಿಲು ಸಿಕ್ಕಿದರೆ ಬೋಲ್ಟ್ ಸವೆದಿದೆ, ಹೊಸದು ಬೇಕು. ತೂತು ಗುಂಡಗಿದೆಯೋ ಮೊಟ್ಟೆಯಾಕಾರವಾಗಿದೆಯೋ ನೋಡಿ.

ಬೋಲ್ಟ್, ತೂತು ಎರಡೂ ಸರಿಯಿದ್ದರೆ ನುಣುಪು ಭಾಗಕ್ಕೆ ಗ್ರೀಸ್ ಹಚ್ಚಿ ಕೂರಿಸಿ. ಹಳೆಯ ಎಂಜಿನ್ ಆಯಿಲ್ ಬೇಡ. ಇನ್ನು ಮುಖ್ಯವಾದ ಮಾತು: ಈ ಬೋಲ್ಟ್ ಚಕ್ರದ ಬೋಲ್ಟ್ ಅಲ್ಲ, ಬಾಗಿಲಿನ ತಿರುಗಣೆಯ ಹಾಗೆ. ಬೋಲ್ಟ್ ಬ್ರಾಕೆಟ್‌ನ ಥ್ರೆಡ್‌ಗೇ ಕೂರುವ ಗಾಡಿಗಳಲ್ಲಿ, ಸ್ಟ್ಯಾಂಡ್ ಅಲುಗಾಡದೆ ಸಲೀಸಾಗಿ ತಿರುಗುವಷ್ಟು ಮಾತ್ರ ಬಿಗಿಸಿ. ಆಮೇಲೆ ಬೋಲ್ಟ್ ತಿರುಗದಂತೆ ಒಂದು ಸ್ಪ್ಯಾನರ್‌ನಿಂದ ಹಿಡಿದು, ಇನ್ನೊಂದರಿಂದ ಲಾಕ್ ನಟ್ ಬಿಗಿಸಿ. ಬೋಲ್ಟನ್ನೇ ಬಲ ಹಾಕಿ ಬಿಗಿಸಿದರೆ ಬ್ರಾಕೆಟ್‌ನ ಕಿವಿಗಳು ಸ್ಟ್ಯಾಂಡನ್ನು ಹಿಚುಕುತ್ತವೆ, ಆಗ ಒಳ್ಳೆಯ ಸ್ಪ್ರಿಂಗ್‌ಗೂ ಅದನ್ನು ಎತ್ತಲಾಗುವುದಿಲ್ಲ. ಎಷ್ಟು ಬಿಗಿ ಎಂಬ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಒಳಗೆ ನೈಲಾನ್ ಬಳೆಯಿರುವ ನಟ್ ಆದರೆ ಒಮ್ಮೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿ.

ಅಂಗಡಿಗೆ ಬಿಡಬೇಕಾದ ಕೆಲಸ

ತೂತು ಮೊಟ್ಟೆಯಾಕಾರವಾಗಿದ್ದರೆ ಲೇತ್ ಅಂಗಡಿಯಲ್ಲಿ ಅದನ್ನು ದೊಡ್ಡದು ಮಾಡಿ ಬುಶ್ ಹಾಕಿಸಬೇಕು. ತಡೆ ಸವೆದಿದ್ದರೆ ಸ್ಟ್ಯಾಂಡನ್ನು ಬಿಚ್ಚಿ ಒಯ್ದು, ತಡೆಯ ಮುಖಕ್ಕೆ ವೆಲ್ಡಿಂಗ್ ತುಂಬಿಸಿ, ಅರದಿಂದ ಉಜ್ಜಿ ಅಳತೆಗೆ ತರಬೇಕು. ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡಲು ಬಿಡಬೇಡಿ. ಚಾಸಿಯ ಬ್ರಾಕೆಟ್‌ಗೇ ವೆಲ್ಡಿಂಗ್ ಅನಿವಾರ್ಯವಾದರೆ ನುರಿತವರಲ್ಲಿಗೆ ಹೋಗಿ. ಬ್ಯಾಟರಿ ವೈರ್ ಮತ್ತು ಇಸಿಯು ಕನೆಕ್ಟರ್ ಮೊದಲೇ ತೆಗೆಸಿ, ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುವ ಅಪಾಯವಿದೆ. ಸ್ಪ್ರಿಂಗ್ ಸೋತಿದ್ದರೆ ಕತ್ತರಿಸಿ ಗಿಡ್ಡ ಮಾಡಿಸುವುದು ಬೇಡ, ಹೊಸದೇ ತನ್ನಿ.

ನಮ್ಮ ಊರುಗಳ ಮೆಕ್ಯಾನಿಕ್‌ಗಳಲ್ಲಿ ಒಬ್ಬರದು ತಮಿಳು, ಇನ್ನೊಬ್ಬರದು ಮಲಯಾಳ, ಮತ್ತೊಬ್ಬರದು ಮರಾಠಿ ಅಥವಾ ತೆಲುಗು. “ಸೈಡ್ ಸ್ಟ್ಯಾಂಡ್ ಲೂಸ್” ಎಂದರೆ ಎಲ್ಲರಿಗೂ ತಿಳಿಯುತ್ತದೆ, ಎಲ್ಲರೂ ನಟ್ ಬಿಗಿಸಿ ಕಳಿಸುತ್ತಾರೆ. ಬದಲಿಗೆ ಬೋಲ್ಟ್, ತೂತು, ಸ್ಪ್ರಿಂಗ್, ತಡೆ, ಇವುಗಳಲ್ಲಿ ಯಾವುದು ಎಂದು ಬೆರಳಿಟ್ಟು ತೋರಿಸಿ. ಅದಕ್ಕೆ ಯಾವ ಭಾಷೆಯೂ ಬೇಡ.

ಮತ್ತೆ ಬಾರದಿರಲು

ಚೈನ್‌ಗೆ ಎಣ್ಣೆ ಬಿಡುವಾಗಲೆಲ್ಲ ಸ್ಟ್ಯಾಂಡಿನ ಕೀಲನ್ನೂ ಒರೆಸಿ ಗ್ರೀಸ್ ಹಚ್ಚಿ. ಕೆಸರಲ್ಲಿ ಓಡಿಸಿದ ದಿನವೇ ತೊಳೆಯಿರಿ. ಮೆತ್ತನೆಯ ನೆಲದಲ್ಲಿ ಪಾದದ ಕೆಳಗೆ ಚಪ್ಪಟೆ ಕಲ್ಲು ಅಥವಾ ಹಲಗೆಯ ಚೂರು ಕೊಡಿ. ಇಳಿಜಾರಿನಲ್ಲಿ ಗಾಡಿಯ ಮುಖ ಏರಿನ ಕಡೆಗಿಟ್ಟು ಮೊದಲ ಗೇರ್‌ನಲ್ಲಿ ನಿಲ್ಲಿಸಿ. ಹಾಲಿನ ಕ್ಯಾನ್, ಗೊಬ್ಬರದ ಚೀಲ ಹೇರುವಾಗ ಗಾಡಿಯನ್ನು ಒಬ್ಬರು ನೇರವಾಗಿ ಹಿಡಿದುಕೊಳ್ಳಲಿ, ಪೂರ್ತಿ ಭಾರ ಸ್ಟ್ಯಾಂಡ್ ಮೇಲೆ ಬೇಡ.

ನವೆಂಬರ್ 1ರ ಬೈಕ್ ಮೆರವಣಿಗೆಗೆ ಬರುವವರು ಬಾವುಟ ಕಟ್ಟುವ ಮೊದಲು ಮೇಲಿನ ಮೂರು ಪರೀಕ್ಷೆ ಮಾಡಿಕೊಂಡು ಬನ್ನಿ. ಐದು ನಿಮಿಷದ ಕೆಲಸ.

— ಕಾರ್ಯದರ್ಶಿ